ಒದ್ದೆ ಟಾರು, ಕೆಮ್ಮಣ್ಣು ಮತ್ತು ಒಂದು ಜೊತೆ ಟೈರ್

2024ರ ಮೇ ತಿಂಗಳ ಕೊನೆಯ ವಾರ ಚಿಕ್ಕಪ್ಪನ ಮಗ ತೀರ್ಥಹಳ್ಳಿಯಿಂದ ಫೋನ್ ಮಾಡಿದ. ಹಿಂದಿನ ರಾತ್ರಿ ಮೊದಲ ದೊಡ್ಡ ಮಳೆ ಬಿದ್ದಿತ್ತು. "ಅಣ್ಣ, ಆಗುಂಬೆ ಘಾಟಿ ಇಳಿಯುವಾಗ ಹಿಂದಿನ ಚಕ್ರ ಜಾರಿತು. ಬೀಳಲಿಲ್ಲ. ಎದುರಿಗೆ ಬಸ್ ಬರುತ್ತಿತ್ತು" ಎಂದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ, "ಟೈರ್ ಬದಲಾಯಿಸಬೇಕು. ಯಾವುದು ಹಾಕಿಸಲಿ?" ಎಂದು ಕೇಳಿದ.

ಈ ಪ್ರಶ್ನೆ ನನಗೆ ಹೊಸದಲ್ಲ. ಬೈಕ್ ಓಡಿಸುವ ಗೆಳೆಯರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿದ್ದಾರೆ, ನಾನೂ ಬಾಯಿಗೆ ಬಂದ ಕಂಪನಿಯ ಹೆಸರು ಹೇಳಿ ಕಳಿಸಿದ್ದೇನೆ. ಈ ಸಲ ಹಾಗೆ ಮಾಡಲು ಮನಸ್ಸಾಗಲಿಲ್ಲ. ಎದುರಿಗೆ ಬಂದ ಆ ಬಸ್ ಕಣ್ಣಿಂದ ಮರೆಯಾಗುತ್ತಿರಲಿಲ್ಲ. ಅವನೊಡನೆ ಕುಳಿತು ಮೊದಲಿನಿಂದ ಲೆಕ್ಕ ಹಾಕಿದೆ.

ತಮ್ಮ ಪಶುವೈದ್ಯ. ಅವನ ಬೈಕ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 411 ಸಿಸಿಯ ಬಿಎಸ್-6 ಮಾದರಿ, 2021ರಲ್ಲಿ ಕೊಂಡದ್ದು. ಮುಂದೆ 21 ಇಂಚಿನ ಚಕ್ರ, ಹಿಂದೆ 17 ಇಂಚಿನದು. ಎರಡೂ ಕಡ್ಡಿಯ ಚಕ್ರಗಳು, ಒಳಗೆ ಟ್ಯೂಬ್. ಬೆಳಿಗ್ಗೆ ಎದ್ದರೆ ಯಾರದೋ ಮನೆಯ ಹಸು ಕರು ಹಾಕಲಾರದೆ ಒದ್ದಾಡುತ್ತಿರುತ್ತದೆ, ಇನ್ಯಾರದೋ ಎಮ್ಮೆಗೆ ಜ್ವರ. ಹಿಂದಿನ ಕ್ಯಾರಿಯರಿನಲ್ಲಿ ಔಷಧಿಯ ಪೆಟ್ಟಿಗೆ ಇರುತ್ತದೆ, ಕೃತಕ ಗರ್ಭಧಾರಣೆಗೆ ಬೇಕಾದ ದ್ರವ ಸಾರಜನಕದ ಸಣ್ಣ ಕ್ಯಾನ್ ಇರುತ್ತದೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಸುತ್ತಿನ ಹಳ್ಳಿಗಳಲ್ಲಿ ಟಾರು ಮುಗಿದ ಮೇಲೆ ಜಲ್ಲಿ ರಸ್ತೆ, ಜಲ್ಲಿ ಮುಗಿದ ಮೇಲೆ ಕೆಮ್ಮಣ್ಣಿನ ದಾರಿ, ಅದರ ತುದಿಯಲ್ಲಿ ಬೇಲಿಗೆ ಅಡ್ಡಗೋಲುಗಳನ್ನಿಟ್ಟ ಒಂದು ಉಣಗೋಲು, ಅದರಾಚೆ ಮನೆ. ಇಂಥ ಬೈಕನ್ನು ಪ್ರವಾಸಕ್ಕಲ್ಲದೆ ದಿನದ ಕೆಲಸಕ್ಕೂ ಹೀಗೆ ದುಡಿಸುವವರು ನಮ್ಮ ಕಡೆ ಬಹಳ ಮಂದಿಯಿಲ್ಲ.

ಪ್ರವಾಸದ ಆಸೆಯೂ ಅವನಿಗಿತ್ತು. ಸೆಪ್ಟೆಂಬರಿನಲ್ಲಿ ರಜೆ ಹಾಕಿ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಬೇಕೆಂದು ವರ್ಷದಿಂದ ದುಡ್ಡು ಕೂಡಿಡುತ್ತಿದ್ದ. ಅವನ ಮನಸ್ಸಿನಲ್ಲಿ ಟೈರೂ ಆಗಲೇ ತೀರ್ಮಾನವಾಗಿತ್ತು. ನಮ್ಮ ಕಡೆ ‘ಬಟನ್ ಟೈರ್’ ಎನ್ನುವ, ದೊಡ್ಡ ದೊಡ್ಡ ರಬ್ಬರ್ ಗಟ್ಟಿಗಳ ನಡುವೆ ಬೆರಳು ಹಿಡಿಸುವಷ್ಟು ಜಾಗವಿರುವ ಟೈರ್ ಅವನಿಗೆ ಬೇಕಾಗಿತ್ತು. "ಸ್ಪಿತಿಗೂ ಆಯಿತು, ನಮ್ಮ ಕೆಸರಿಗೂ ಆಯಿತು" ಎಂಬುದು ಅವನ ವಾದ.

ನಾನು ಮೊದಲು ಹಳೆಯ ಟೈರುಗಳನ್ನು ನೋಡಬೇಕೆಂದೆ. ಹಳೆಯ ಟೈರ್ ಹೇಗೆ ಸವೆದಿದೆ ಎಂದು ನೋಡಿದರೆ ಸವಾರ ಎಲ್ಲಿ ಓಡಾಡುತ್ತಾನೆ ಎಂದು ಅರ್ಧ ಗೊತ್ತಾಗುತ್ತದೆ. ಹಿಂದಿನ ಟೈರ್ 13,800 ಕಿ.ಮೀ. ಓಡಿತ್ತು. ಗೆರೆಗಳ ಆಳ ಅಳೆಯುವ ಕಡ್ಡಿ ಇಟ್ಟು ನೋಡಿದರೆ ನಡುವೆ ಉಳಿದದ್ದು 1.3 ಮಿ.ಮೀ., ಅಂಚಿನಲ್ಲಿ ನಾಲ್ಕರ ಹತ್ತಿರ. ನಡುಭಾಗ ಹಲಗೆಯಂತೆ ಚಪ್ಪಟೆಯಾಗಿತ್ತು. ಹೀಗಾದ ಟೈರ್ ನೇರ ರಸ್ತೆಯಲ್ಲಿ ಸುಮ್ಮನಿರುತ್ತದೆ. ತಿರುವಿನಲ್ಲಿ ಬೈಕ್ ವಾಲುವಾಗ ಚಪ್ಪಟೆ ಭಾಗ ಮುಗಿದು ಅಂಚು ಶುರುವಾಗುವಲ್ಲಿ ಒಂದು ಮೆಟ್ಟಿಲು ಇಳಿದಂತಾಗಿ ಚಕ್ರ ಥಟ್ಟನೆ ಒಳಕ್ಕೆ ಬೀಳುತ್ತದೆ. ಘಾಟಿಯಲ್ಲಿ ಆಗಿದ್ದು ಇದೇ ಎಂದು ನನ್ನ ನಂಬಿಕೆ. ಮುಂದಿನದರಲ್ಲಿ 2.8 ಮಿ.ಮೀ. ಉಳಿದಿತ್ತು, ಆದರೆ ಕೈಯಾಡಿಸಿದರೆ ಗಟ್ಟಿಗಳು ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಬ್ರೇಕ್ ಹಿಡಿದಾಗ ಪ್ರತಿ ಗಟ್ಟಿಯೂ ಬಾಗಿ ಒಂದೇ ಅಂಚನ್ನು ತೇಯಿಸಿಕೊಂಡಿತ್ತು. ಘಾಟಿ ಇಳಿಯುವವರ ಟೈರಿನಲ್ಲಿ ಇದು ಸಾಮಾನ್ಯ.

ಕಾನೂನಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ವಾಹನದ ಟೈರಿನಲ್ಲಿ ಕನಿಷ್ಠ 0.8 ಮಿ.ಮೀ. ಆಳ ಉಳಿದಿರಬೇಕು. ಕಾರಿಗಾದರೆ 1.6. ಅಂದರೆ ಜಾರಿದ ದಿನ ತಮ್ಮನ ಟೈರ್ ಕಾನೂನುಬದ್ಧವಾಗಿಯೇ ಇತ್ತು. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಊರಿನಲ್ಲಿ ಆ 0.8ನ್ನು ನಂಬಿ ಕೂರಬಾರದು. ನಮ್ಮ ಭಾಗದಲ್ಲಿ ಎರಡು ಮಿ.ಮೀ.ಗೆ ಬಂದ ಟೈರನ್ನು ಮಳೆಗಾಲಕ್ಕೆ ಮುಂಚೆ ತೆಗೆಯಬೇಕು ಎಂದೇ ನಾನು ಹೇಳುತ್ತೇನೆ.

ಇನ್ನು ಓಡಾಟದ ಲೆಕ್ಕ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅವನು ಹೋದ ಮನೆಗಳ ಪಟ್ಟಿ ಅವನ ಡೈರಿಯಲ್ಲಿ ಇತ್ತು. ಪ್ರತಿ ಮನೆಗೂ ಟಾರು ಎಷ್ಟು, ಜಲ್ಲಿ ಎಷ್ಟು, ಮಣ್ಣು ಎಷ್ಟು ಎಂದು ಬರೆಯಲು ಹೇಳಿದೆ. ಒಂದು ಸಂಜೆಯ ಕೆಲಸ. ಒಟ್ಟು 1,400 ಕಿ.ಮೀ. ಬಂತು. ಅದರಲ್ಲಿ ಟಾರು ಮತ್ತು ಕಾಂಕ್ರೀಟ್ ಸೇರಿ 1,190, ಜಲ್ಲಿ 154, ಮಣ್ಣಿನ ದಾರಿ 56. ನೂರಕ್ಕೆ ನಾಲ್ಕು ಪಾಲು ಮಣ್ಣು! ತಮ್ಮ ನಂಬಲಿಲ್ಲ, ಮತ್ತೆ ಕೂಡಿಸಿದ. ಮಣ್ಣಿನ ದಾರಿಯಲ್ಲಿ ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ತೋಳು ಸೋಲುತ್ತದೆ, ಮೈಯೆಲ್ಲ ಬೆವರುತ್ತದೆ, ಅದಕ್ಕೇ ಅದು ನೆನಪಿನಲ್ಲಿ ಉದ್ದವಾಗಿ ಉಳಿಯುತ್ತದೆ. ಟಾರಿನ ಮೇಲಿನ ಇಪ್ಪತ್ತು ಕಿಲೋಮೀಟರ್ ನೆನಪಿನಲ್ಲೇ ಉಳಿಯುವುದಿಲ್ಲ.

ಇಷ್ಟರಿಂದಲೇ ತೀರ್ಮಾನ ಮಾಡಬಹುದಿತ್ತು, ಆದರೆ ಕಿಲೋಮೀಟರ್ ಒಂದೇ ಅಳತೆಯಲ್ಲ. ಮೂರು ವರ್ಷದಲ್ಲಿ ಎಷ್ಟು ಸಲ ಬಿದ್ದೆ, ಎಲ್ಲಿ ಬಿದ್ದೆ ಎಂದು ಕೇಳಿದೆ. ನಾಲ್ಕು ಸಲ. ನಾಲ್ಕೂ ಕೆಸರಿನಲ್ಲಿ, ನಾಲ್ಕೂ ನಡೆಯುವ ವೇಗದಲ್ಲಿ. ಕನ್ನಡಿ ಒಡೆದಿದೆ, ಪ್ಯಾಂಟ್ ಕೊಳೆಯಾಗಿದೆ, ಒಮ್ಮೆ ಸಿರಿಂಜಿನ ಡಬ್ಬ ಗದ್ದೆಗೆ ಹಾರಿದೆ. ಟಾರಿನ ಮೇಲೆ ಒಂದೂ ಇಲ್ಲ. ಅಲ್ಲಿ ಜಾರಿದ್ದು ಒಂದೇ ಸಲ, ಆ ಒಂದು ಸಲ ಎದುರಿಗೆ ಬಸ್ ಇತ್ತು.

ನಮ್ಮಿಬ್ಬರ ಚರ್ಚೆ ತಿರುಗಿದ್ದು ಇಲ್ಲಿ. ಕೆಸರಿನಲ್ಲಿ ಅವನ ವೇಗ ಗಂಟೆಗೆ ಹತ್ತೋ ಹದಿನೈದೋ, ಟಾರಿನಲ್ಲಿ ಐವತ್ತರಿಂದ ಎಪ್ಪತ್ತು. ಹತ್ತು ಸಲ ಕೆಸರಿನಲ್ಲಿ ಬಿದ್ದರೂ ಎದ್ದು ಬರಬಹುದು. ಒದ್ದೆ ಟಾರಿನ ತಿರುವಿನಲ್ಲಿ ಬಿದ್ದರೆ ಏಳುವುದು ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಈ ಟೈರನ್ನು ಒದ್ದೆ ಟಾರಿಗಾಗಿ ಆರಿಸಬೇಕು, ಕೆಸರಿನಲ್ಲಿ ಆಗುವ ನಷ್ಟವನ್ನು ಗೊತ್ತಿದ್ದೇ ಒಪ್ಪಿಕೊಳ್ಳಬೇಕು ಎಂದೆ. ತಮ್ಮ ತಕ್ಷಣ ಒಪ್ಪಲಿಲ್ಲ. "ಬಟನ್ ಟೈರ್ ಹಾಕಿದರೆ ಟಾರಿನಲ್ಲಿ ಜಾರುತ್ತದೆಯೆ? ಗ್ರಿಪ್ ಜಾಸ್ತಿ ಅಲ್ಲವೆ?" ಎಂದ. ಬಹಳ ಜನರ ತಪ್ಪು ತಿಳುವಳಿಕೆ ಇದೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗಟ್ಟಿ ನೆಲದ ಮೇಲೆ ಹಿಡಿತ ಕೊಡುವುದು ನೆಲಕ್ಕೆ ತಾಗಿರುವ ರಬ್ಬರ್. ಟೈರ್ ನೆಲ ಮುಟ್ಟುವ ಜಾಗ ಅಂಗೈಯಷ್ಟೂ ಇರುವುದಿಲ್ಲ. ಬಟನ್ ಟೈರಿನಲ್ಲಿ ಆ ಜಾಗದ ದೊಡ್ಡ ಪಾಲು ಖಾಲಿ. ಉಳಿದ ರಬ್ಬರ್ ಎತ್ತರದ ಕಂಬಗಳಂತೆ ನಿಂತಿರುವುದರಿಂದ ಬ್ರೇಕ್ ಹಿಡಿದಾಗ, ವಾಲಿದಾಗ ಅವು ಬಾಗುತ್ತವೆ. ಬೈಕ್ ತೇಲಿದ ಹಾಗೆ ಅನ್ನಿಸುವುದು ಅದರಿಂದ. ಕೆಸರಿನಲ್ಲಿ ವಿಷಯ ಬೇರೆ. ಅಲ್ಲಿ ಆ ಕಂಬಗಳು ಮಣ್ಣಿನೊಳಗೆ ಇಳಿದು ಕಚ್ಚುತ್ತವೆ, ನಡುವಿನ ಖಾಲಿ ಜಾಗದಲ್ಲಿ ತುಂಬಿದ ಮಣ್ಣು ಚಕ್ರ ತಿರುಗುವಾಗ ಹಾರಿಹೋಗುತ್ತದೆ. ಗೆರೆ ಸಣ್ಣದಾದ ರಸ್ತೆ ಟೈರಿನಲ್ಲಿ ಮಣ್ಣು ಒಳಗೇ ಕೂತು, ನಾಲ್ಕು ಸುತ್ತಿನಲ್ಲಿ ಚಕ್ರ ಕೆಂಪು ಮಡಕೆಯಂತಾಗುತ್ತದೆ. ಎರಡಕ್ಕೂ ಒಂದೇ ಟೈರ್ ಪೂರ್ತಿ ಒದಗುವುದಿಲ್ಲ. ಅದಕ್ಕೇ ಕಂಪನಿಗಳು ರಸ್ತೆಗೆ 50, ಮಣ್ಣಿಗೆ 50 ಎಂದೋ, 80ಕ್ಕೆ 20 ಎಂದೋ ಹೇಳಿ ಮಾರುತ್ತವೆ. ಆ ಅಂಕಿಗಳಿಗೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಒಂದು ಕಂಪನಿಯ 70 ಇನ್ನೊಂದರ 60 ಆಗಿರಬಹುದು. ಗಟ್ಟಿಗಳ ನಡುವಿನ ಜಾಗವನ್ನು ಕಣ್ಣಿಂದ ನೋಡಿ ಹೋಲಿಸುವುದು ಹೆಚ್ಚು ನಂಬಿಕೆಗೆ ಯೋಗ್ಯ.

ನಮ್ಮ ಮಲೆನಾಡಿನ ಟಾರು ಬೇರೆ ಕಡೆಯ ಟಾರಿನಂತಲ್ಲ ಎಂಬುದನ್ನೂ ಸೇರಿಸಬೇಕು. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಬಿಸಿಲು ಬೀಳದ ಕಡೆ ರಸ್ತೆಯಂಚಿಗೆ ಪಾಚಿ, ಮೇಲಿನಿಂದ ಉದುರಿದ ಎಲೆ, ತೋಟದ ಪಕ್ಕದಲ್ಲಿ ಅಡಿಕೆ ಹಾಳೆ, ಟ್ರ್ಯಾಕ್ಟರ್ ಗದ್ದೆಯಿಂದ ಹೊತ್ತು ತಂದ ಕೆಸರು, ತಿರುವಿನಲ್ಲಿ ಲಾರಿಯಿಂದ ಚೆಲ್ಲಿದ ಡೀಸೆಲ್. ಮೊದಲ ಮಳೆಗೆ ಇವೆಲ್ಲ ಸೇರಿ ಸೋಪಿನ ಹಾಗಾಗುತ್ತವೆ. ಇಂಥ ಕಡೆ ನೀರಿನ ಪದರವನ್ನು ಬದಿಗೆ ಸರಿಸುವ ಗೆರೆಗಳೂ ಬೇಕು, ನೆಲ ಮುಟ್ಟುವ ರಬ್ಬರೂ ಸಾಕಷ್ಟು ಬೇಕು, ಆ ರಬ್ಬರ್ ತಂಪಿನಲ್ಲೂ ಮೆತ್ತಗಿರಬೇಕು.

ಹಾಗಾದರೆ ಮುಂದೆ ರಸ್ತೆ ಟೈರ್, ಹಿಂದೆ ಬಟನ್ ಟೈರ್ ಹಾಕಬಹುದಲ್ಲ ಎಂಬ ಮಾತು ಬಂತು. ಕೆಲವರು ಹಾಗೆ ಮಾಡುತ್ತಾರೆ, ಕೆಲವರು ತಿರುಗಾಮುರುಗಾ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳುವ ಅವಕಾಶ ಉಂಟು, ಮುಂದಿನದು ಜಾರಿದರೆ ಹೆಚ್ಚಾಗಿ ಇಲ್ಲ. ಹಾಗಾಗಿ ಮಿಶ್ರ ಮಾಡುವುದೇ ಆದರೆ ಮುಂದಿನದನ್ನು ಟಾರಿಗೆ ಬಿಟ್ಟುಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ತಮ್ಮನ ವಿಷಯದಲ್ಲಿ ಜಾರಿದ್ದು ಹಿಂದಿನದೇ, ಅದೂ ಟಾರಿನಲ್ಲಿ. ಎರಡೂ ಒಂದೇ ಜಾತಿಯವು ಇರಲಿ ಎಂದು ನಿಲ್ಲಿಸಿದೆವು. ಮುಂದಿನದನ್ನು ಇನ್ನೊಂದು ಮಳೆಗಾಲ ಓಡಿಸಿ ದುಡ್ಡು ಉಳಿಸುವ ಯೋಚನೆಯನ್ನೂ ಕೈಬಿಟ್ಟೆವು.

ಅಳತೆಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿರಲಿಲ್ಲ. ಮುಂದೆ 90/90-21, ಹಿಂದೆ 120/90-17. ಎರಡನೆಯದನ್ನು ಬಿಡಿಸಿ ಓದಿದರೆ 120 ಮಿ.ಮೀ. ಅಗಲ, ಅದರ ನೂರಕ್ಕೆ 90ರಷ್ಟು, ಅಂದರೆ 108 ಮಿ.ಮೀ. ಟೈರಿನ ಪಕ್ಕದ ಗೋಡೆಯ ಎತ್ತರ, 17 ಇಂಚಿನ ರಿಮ್. ಪಕ್ಕದಲ್ಲಿ 64S ಎಂದಿದ್ದರೆ 280 ಕೆ.ಜಿ. ಹೊರೆ, ಗಂಟೆಗೆ 180 ಕಿ.ಮೀ. ವೇಗ ತಡೆಯುತ್ತದೆ ಎಂದರ್ಥ. ಬೈಕಿನ ತೂಕ 199 ಕೆ.ಜಿ., ತಮ್ಮನದು 78, ಪೆಟ್ಟಿಗೆ ಮತ್ತು ಸಾಮಾನು 35 ಎಂದಿಟ್ಟುಕೊಂಡರೂ ಒಟ್ಟು 312. ಅದು ಎರಡು ಚಕ್ರಕ್ಕೂ ಹಂಚಿಹೋಗುತ್ತದೆ. ಹೆಂಡತಿಯನ್ನು ಕೂರಿಸಿಕೊಂಡರೂ ಹಿಂದಿನ ಟೈರಿನ ಮಿತಿ ದಾಟುವುದಿಲ್ಲ. ವೇಗದ ಅಕ್ಷರಕ್ಕಾಗಿ ಹೆಚ್ಚು ದುಡ್ಡು ಕೊಡುವ ಅಗತ್ಯವೂ ಇಲ್ಲ, ಈ ಬೈಕ್ 150 ಮುಟ್ಟುವುದಿಲ್ಲ. ಅಗಲವಾದ ಟೈರ್ ಹಾಕಿದರೆ ನೋಡಲು ದಷ್ಟಪುಷ್ಟವಾಗಿ ಕಾಣುತ್ತದೆ ಎಂದು 130/80-17 ಹಾಕಿಸುವವರಿದ್ದಾರೆ. ಅದರ ಒಟ್ಟು ಎತ್ತರ 8 ಮಿ.ಮೀ. ಕಡಿಮೆ. ಕಿರಿದಾದ ರಿಮ್ಮಿಗೆ ಅಗಲ ಟೈರ್ ತೊಡಿಸಿದರೆ ಅದರ ಅಂಚುಗಳು ಒಳಕ್ಕೆ ಸೆಳೆದುಕೊಂಡು ನಡು ಉಬ್ಬುತ್ತದೆ. ಬೇಡವೆಂದೆ.

ಹುಡುಕಾಟ ಶುರುವಾದಾಗ ಗೊತ್ತಾಗಿದ್ದು, ಹಿಂದಿನ ಅಳತೆಗೆ ಆಯ್ಕೆ ಉಂಟು, 21 ಇಂಚಿಗೆ ಕಷ್ಟ. ನಮ್ಮ ದೇಶದಲ್ಲಿ 21 ಇಂಚಿನ ಮುಂಚಕ್ರದ ಬೈಕುಗಳೇ ಕೆಲವು. ಸಿಯೆಟ್ ಗ್ರಿಪ್ ಎಕ್ಸ್‌ಎಲ್ ಈ ಬೈಕಿಗೆ ಕಂಪನಿಯಿಂದಲೇ ಬರುತ್ತಿದ್ದದ್ದು, ಅದು ಸಿಗುತ್ತದೆ. ಪಿರೆಲ್ಲಿ ಎಂಟಿ 60, ಮೆಟ್ಜೆಲರ್ ಟೂರೆನ್ಸ್ ಎರಡೂ ಅಳತೆಗಳಲ್ಲಿ ಇವೆ. ಮಿತಾಸ್ ಇ-07, ಕಾಂಟಿನೆಂಟಲ್ ಟಿಕೆಸಿ 80 ಮುಂತಾದವು ಮಣ್ಣಿನ ಕಡೆಗೆ ಇನ್ನಷ್ಟು ವಾಲಿದವು. ತೊಂದರೆಯೆಂದರೆ ವಿದೇಶಿ ಟೈರುಗಳ ಲಭ್ಯತೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮೋಟಾರ್‌ಸೈಕಲ್ ಟೈರನ್ನೂ ಸೇರಿಸಿ ಹಲವು ಬಗೆಯ ಹೊಸ ಟೈರುಗಳ ಆಮದನ್ನು ‘ನಿರ್ಬಂಧಿತ’ ಪಟ್ಟಿಗೆ ಸೇರಿಸಿತು. ಜೊತೆಗೆ ಐಎಸ್‌ಐ ಮುದ್ರೆ ಕಡ್ಡಾಯ. ಹಾಗಾಗಿ ಒಂದು ಅಳತೆ ಬೆಂಗಳೂರಿನಲ್ಲಿದ್ದರೆ ಜೋಡಿ ಇನ್ನೆಲ್ಲೋ. ತಮ್ಮ ಎತ್ತಿಟ್ಟ ದುಡ್ಡು ಹನ್ನೆರಡು ಸಾವಿರ, ಕೂಲಿ ಮತ್ತು ಟ್ಯೂಬ್ ಸೇರಿ. ವಿದೇಶಿ ಜೋಡಿ ಅದನ್ನು ಎಷ್ಟೋ ಮೀರುತ್ತಿತ್ತು.

ನಡುವೆ ಒಂದು ಅಂಗಡಿಯಲ್ಲಿ ಭಾರಿ ರಿಯಾಯಿತಿಗೆ ಹಿಂದಿನ ಟೈರ್ ಸಿಗುತ್ತದೆಂದು ತಮ್ಮ ಖುಷಿಯಿಂದ ಫೋಟೋ ಕಳಿಸಿದ. ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿಗಳ ಫೋಟೋ ಕಳಿಸು ಎಂದೆ. 0919. ಅಂದರೆ 2019ರ ಒಂಬತ್ತನೆಯ ವಾರದಲ್ಲಿ ತಯಾರಾದದ್ದು, ಐದು ವರ್ಷ ಗೋದಾಮಿನಲ್ಲಿ ಮಲಗಿದ್ದ ರಬ್ಬರ್. ಗೆರೆ ಹೊಸದಾಗಿಯೇ ಇರುತ್ತದೆ, ಉಗುರು ಒತ್ತಿದರೆ ಗಟ್ಟಿ. ನಾವು ಮೆತ್ತನೆಯ ರಬ್ಬರಿಗಾಗಿ ಇಷ್ಟೆಲ್ಲ ಒದ್ದಾಡುತ್ತಿದ್ದಾಗ ಅದನ್ನು ತರುವುದರಲ್ಲಿ ಅರ್ಥವಿರಲಿಲ್ಲ.

ಕೊನೆಗೆ ಹಾಕಿಸಿದ್ದು ನಮ್ಮಲ್ಲೇ ತಯಾರಾದ, ನಡುವೆ ಗಟ್ಟಿಗಳು ಒತ್ತೊತ್ತಾಗಿದ್ದು ಅಂಚಿಗೆ ಹೋದಂತೆ ಬಿಡಿಬಿಡಿಯಾಗುವ ಒಂದು ಜೊತೆ. ಎರಡೂ ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ತಯಾರಾದವು. ಶಿವಮೊಗ್ಗದ ಅಂಗಡಿಯ ಹಿರಿಯರು ಟೈರನ್ನು ತಿರುಗಿಸಿ ತೋರಿಸಿ, "ಡಾಕ್ಟರೇ, ಇದು ಟಾರಿಗೆ ಒಳ್ಳೆಯದು. ಕೆಸರಿಗೆ ಹೋದಾಗ ನನ್ನನ್ನು ಬೈಯಬೇಡಿ" ಎಂದರಂತೆ. ನಾನು ಎರಡು ವಾರದಲ್ಲಿ ಹೇಳಿದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿದ್ದರು.

ಟೈರನ್ನು ಅಲ್ಲಿ ಕೊಂಡು, ಬೇರೊಂದು ಕಡೆ ಹಾಕಿಸಿದ್ದು ತಪ್ಪಾಯಿತು. ಅಲ್ಲಿಯ ಹುಡುಗ ಹಳೆಯ ಟ್ಯೂಬನ್ನೇ ಒಳಗಿಟ್ಟ. ಮೂರು ವರ್ಷ ಗಾಳಿಯಲ್ಲಿ ಹಿಗ್ಗಿದ ಟ್ಯೂಬ್ ಹೊಸ ಟೈರಿನೊಳಗೆ ಮಡಿಕೆ ಬೀಳುತ್ತದೆ. ಜೊತೆಗೆ ಸಲಾಕೆಯ ತುದಿ ಎಲ್ಲೋ ಒತ್ತಿದ್ದಿರಬೇಕು. ಮರುದಿನ ಬೆಳಿಗ್ಗೆ ಮುಂದಿನ ಚಕ್ರದಲ್ಲಿ ಅರ್ಧ ಗಾಳಿ ಇರಲಿಲ್ಲ. ಘಾಟಿಯ ನಡುವೆ ಇಳಿದಿದ್ದರೆ? ಅದೇ ದಿನ ಎರಡೂ ಚಕ್ರ ಬಿಚ್ಚಿಸಿ, ಹೊಸ ಟ್ಯೂಬ್, ಕಡ್ಡಿಗಳ ತಲೆ ಚುಚ್ಚದಂತೆ ತಡೆಯುವ ಹೊಸ ರಿಮ್ ಪಟ್ಟಿ ಹಾಕಿಸಿದ. ಈ ಸಲ ಪಕ್ಕದಲ್ಲೇ ನಿಂತಿದ್ದ. ತಿರುಗುವ ದಿಕ್ಕಿನ ಬಾಣ ಸರಿಯಿದೆಯೆ, ಟೈರಿನ ಹಳದಿ ಚುಕ್ಕೆ ವಾಲ್ವ್ ಹತ್ತಿರ ಬಂದಿದೆಯೆ, ರಿಮ್ಮಿನ ಅಂಚಿನ ಸುತ್ತ ಓಡುವ ಸಣ್ಣ ಗೆರೆ ಎಲ್ಲ ಕಡೆ ಸಮನಾಗಿ ಕಾಣುತ್ತಿದೆಯೆ, ಡಿಸ್ಕ್ ಕೆಳಗಾಗುವಂತೆ ಚಕ್ರವನ್ನು ನೆಲಕ್ಕೆ ಹಾಕಲಿಲ್ಲ ತಾನೆ, ಇವನ್ನೆಲ್ಲ ನೋಡಿಕೊಂಡ. ಟೈರ್ ಬದಲಾಯಿಸುವಾಗ ದಯವಿಟ್ಟು ಟ್ಯೂಬ್ ಉಳಿಸಲು ಹೋಗಬೇಡಿ. ಉಳಿಯುವುದು ಕೆಲವು ನೂರು ರೂಪಾಯಿ.

ಮೊದಲ ಇನ್ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಲು ಹೇಳಿದ್ದೆ. ಹೊಸ ರಬ್ಬರಿನ ಮೇಲ್ಮೈ ನುಣುಪಾಗಿರುತ್ತದೆ, ಅದು ತೇಯಬೇಕು. ಜೂನ್ ಎರಡನೆಯ ವಾರ ಅವನು ಘಾಟಿ ಇಳಿದು ಹತ್ತಿ ಬಂದು ಫೋನ್ ಮಾಡಿದ. ತಿರುವಿನಲ್ಲಿ ಆ ಮೆಟ್ಟಿಲು ಇಳಿದ ಹಾಗಿನ ಅನುಭವ ಹೋಗಿತ್ತು. ಮಳೆಯಲ್ಲಿ ಮುಂದಿನ ಬ್ರೇಕನ್ನು ಭಯವಿಲ್ಲದೆ ಹಿಡಿಯುತ್ತಿದ್ದೇನೆ ಎಂದ.

ಕೆಸರಿನಲ್ಲಿ ಹೇಳಿದಂತೆಯೇ ಆಯಿತು. ಜುಲೈನಲ್ಲಿ ಎರಡು ಸಲ ಬಿದ್ದ, ಒಂದು ಸಲ ಏರು ದಾರಿಯಲ್ಲಿ ಚಕ್ರ ತಿರುಗಿದಲ್ಲೇ ತಿರುಗಿ ಮೂವರು ತಳ್ಳಬೇಕಾಯಿತು. ಆ ಮೇಲೆ ಅವನೇ ಕೆಲವು ಮನೆಗಳಿಗೆ ಪದ್ಧತಿ ಬದಲಾಯಿಸಿದ. ಉಣಗೋಲಿನ ಹತ್ತಿರ ಬೈಕ್ ನಿಲ್ಲಿಸಿ, ಪೆಟ್ಟಿಗೆ ಹೆಗಲಿಗೇರಿಸಿ, ಕಾಲುಸಂಕ ದಾಟಿ ನಡೆದುಹೋಗುತ್ತಾನೆ. ಮನೆಯವರು ಮಗನನ್ನು ಛತ್ರಿ ಕೊಟ್ಟು ಕಳಿಸುತ್ತಾರೆ. ಮಣ್ಣಿನ ದಾರಿ ಉದ್ದವಿದ್ದರೆ ಗಾಳಿಯ ಒತ್ತಡವನ್ನು ನಾಲ್ಕೈದು ಪಿಎಸ್‌ಐ ಇಳಿಸುತ್ತಾನೆ. ಟ್ಯೂಬ್ ಇರುವ ಚಕ್ರದಲ್ಲಿ ಇನ್ನೂ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಎರಡು ಕಡೆ ತೂತಾಗುತ್ತದೆ. ಟಾರಿಗೆ ಬಂದ ಕೂಡಲೇ ಚೀಲದಲ್ಲಿರುವ ಕೈಪಂಪಿನಿಂದ ಮತ್ತೆ ತುಂಬುತ್ತಾನೆ.

ಸೆಪ್ಟೆಂಬರಿನಲ್ಲಿ ಸ್ಪಿತಿಗೂ ಹೋದ. ಬೈಕನ್ನು ರೈಲಿಗೆ ಹಾಕಿ ಕಳಿಸಿ, ಶಿಮ್ಲಾ, ರೆಕಾಂಗ್ ಪಿಯೋ, ನಾಕೊ, ತಾಬೊ ದಾರಿಯಾಗಿ ಕಾಜಾ ತಲುಪಿ, ಕುಂಜುಮ್ ಕಣಿವೆದಾರಿ ದಾಟಿ ಮನಾಲಿಗೆ ಇಳಿದ. ಬಟನ್ ಟೈರ್ ಇಲ್ಲದೆ ಆಗುವುದೇ ಇಲ್ಲ ಎಂದು ಅವನು ತಿಳಿದಿದ್ದ ದಾರಿ ಇದು. ಅಲ್ಲಿ ಸಿಕ್ಕಿದ್ದು ಹೆಚ್ಚಾಗಿ ಟಾರು, ಅದು ಬಿಟ್ಟರೆ ಒಣ ಜಲ್ಲಿ, ದೂಳು, ಉರುಟುಗಲ್ಲು. ಬಾತಲ್‌ನಿಂದ ಗ್ರಾಂಫೂ ಕಡೆಗಿನ ಕಲ್ಲುದಾರಿಯಲ್ಲಿ, ಹಳ್ಳ ದಾಟುವಲ್ಲಿ ಮೈ ನಡುಗಿತಂತೆ. ಆದರೆ ಅಲ್ಲಿ ಅವನನ್ನು ಕಾಪಾಡಿದ್ದು 21 ಇಂಚಿನ ದೊಡ್ಡ ಚಕ್ರ, ಕಡಿಮೆ ವೇಗ ಮತ್ತು ಸರಿಯಾದ ಗಾಳಿ. ನಮ್ಮ ಜಿಗುಟು ಕೆಮ್ಮಣ್ಣಿನಂಥದ್ದು ಅವನಿಗೆ ಎಲ್ಲೂ ಸಿಗಲಿಲ್ಲ.

ಗಾಳಿಯ ವಿಷಯದಲ್ಲಿ ಒಂದು ಸ್ವಾರಸ್ಯ ಅವನು ಗಮನಿಸಿ ಬರೆದುಕೊಂಡಿದ್ದ. 4,500 ಮೀಟರಿನ ಆಸುಪಾಸಿನ ಕುಂಜುಮ್‌ನಲ್ಲಿ ಬೆಳಗಿನ ಚಳಿಯಲ್ಲಿ ಅಳೆದರೆ, ಕೆಳಗೆ ತುಂಬಿದ್ದಕ್ಕಿಂತ ಎರಡು ಪಿಎಸ್‌ಐಯಷ್ಟೇ ಹೆಚ್ಚು. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ತಗ್ಗುತ್ತದೆ, ಆದ್ದರಿಂದ ಮಾಪಕ ಐದಾರು ಪಿಎಸ್‌ಐ ಹೆಚ್ಚು ತೋರಿಸಬೇಕು. ಚಳಿ ಅದನ್ನು ಮೂರು ನಾಲ್ಕು ಇಳಿಸುತ್ತದೆ. ಎರಡೂ ಕೂಡಿ ಕಳೆದು ಉಳಿಯುವುದು ಅಷ್ಟು. ಘಟ್ಟ ಹತ್ತುವ ಮುಂಚೆಯೇ ಗಾಳಿ ಇಳಿಸಿಕೊಂಡು ಹೊರಡುವವರು ಇದನ್ನು ಅಳೆದು ನೋಡಿದರೆ ಒಳ್ಳೆಯದು.

ಮರುವರ್ಷದ ಮಳೆಗೆ ಮುಂಚೆ ಅವನು ಮತ್ತೆ ಕಡ್ಡಿ ಇಟ್ಟು ಅಳೆದ. ಒಟ್ಟು ಓಟ 11,200 ಕಿ.ಮೀ. ಮುಂದಿನದರಲ್ಲಿ 3.9 ಮಿ.ಮೀ., ಹಿಂದಿನದರ ನಡುವೆ 2.2. ಚಪ್ಪಟೆಯಾಗುವುದು ಮತ್ತೆ ಶುರುವಾಗಿತ್ತು. ಫೋಟೋ ಜೊತೆಗೆ ಒಂದು ಸಾಲು ಬರೆದಿದ್ದ: "ಅಣ್ಣ, ಹಿಂದಿನದು ಅದೇ ಜಾತಿಯದು ತರಲು ಶಿವಮೊಗ್ಗಕ್ಕೆ ಹೇಳಿದ್ದೇನೆ. ಟ್ಯೂಬೂ ಹೊಸದು."